ಕಂಕುಳಡಿಯ ಹೊಲಿಗೆ

ಅಖಂಡನಾಥನ ಅಂಗಿಗೆ ಹೊಲಿಗೆ ಇಲ್ಲ ಎಂದು ಆ ಕಾಲದಲ್ಲಿ ಎಲ್ಲರೂ ನಂಬಿದ್ದರು.

ಆ ಕಾಲ ಎಂದರೆ ಬಹಳ ಹಿಂದೆ. ಎಲ್ಲರೂ ಎಂದರೆ ಕಣಗಿಲೆಪುರ ರಾಜ್ಯದ ರಾಜ, ಮಂತ್ರಿ, ಕುಂಬಾರ, ಕುರುಬ, ಓದಿದವರು, ಓದದವರು. ಓದಿದವರು ತುಸು ಹೆಚ್ಚಾಗಿಯೇ ನಂಬಿದ್ದರು. ಅವರ ಬಳಿ ಕಾರಣಗಳಿದ್ದವು.

ಅಖಂಡನಾಥ ಒಬ್ಬ ಮಾಂತ್ರಿಕ. ರಾಜ್ಯದ ಬಡಗಣ ದಿಕ್ಕಿನ ಕರಿಬೆಟ್ಟದ ಮೇಲೆ ಅವನ ಕೋಟೆ. ಮಕ್ಕಳು ಪ್ರಾಯಕ್ಕೆ ಬಂದ ದಿನ ಅವನು ಬೆಟ್ಟ ಇಳಿದು ಬಂದು ಒಂದು ಬಿಳಿ ಅಂಗಿ ಕೊಡುತ್ತಿದ್ದ. ಅದು ಕತ್ತರಿ ಕಂಡದ್ದಲ್ಲ, ಸೂಜಿ ಕಂಡದ್ದಲ್ಲ, ಮಂತ್ರದಿಂದ ಬೆಳೆದದ್ದು. ಮೈ ಬೆಳೆದಂತೆ ಅದೂ ಬೆಳೆಯುತ್ತಿತ್ತು. "ಇದು ಅಖಂಡ," ಎಂದು ಅವನು ಪ್ರತಿಯೊಬ್ಬರಿಗೂ ಹೇಳುತ್ತಿದ್ದ. "ತೊಟ್ಟವರ ಮನಸ್ಸಿನಲ್ಲಿ ಕೊಳೆಯಿದ್ದರೆ ಮಾತ್ರ ಇದರಲ್ಲಿ ಹೊಲಿಗೆ ಮೂಡುತ್ತದೆ."

ಹೊಲಿಗೆ ಮೂಡಿದರೆ ಏನು ಶಿಕ್ಷೆ ಎಂದು ಯಾರಿಗೂ ಗೊತ್ತಿರಲಿಲ್ಲ. ಅಲ್ಲಿಯವರೆಗೆ ಒಬ್ಬರಿಗೂ ಮೂಡಿರಲಿಲ್ಲವಂತೆ.

ಕಣಗಿಲೆಪುರದಲ್ಲಿ ಹೊಲಿಗೆ ಏನಿದ್ದರೂ ಗೋಣಿಚೀಲಕ್ಕೆ, ಕುದುರೆಯ ಜೀನಿಗೆ. ಯಾರನ್ನಾದರೂ ಬೈಯಬೇಕಾದರೆ "ಹೋಗೋ, ಗೋಣಿಚೀಲ" ಎನ್ನುತ್ತಿದ್ದರು. ಆ ರಾಜ್ಯದಲ್ಲಿ ಅಗಸರೇ ಇರಲಿಲ್ಲ. ತನ್ನ ಅಂಗಿಯನ್ನು ತಾನೇ ಕದ ಹಾಕಿಕೊಂಡು ಒಗೆದು, ಕದ ಹಾಕಿಕೊಂಡೇ ಒಣಗಿಸಬೇಕು. ರಾಜನಿಗೂ ಇದೇ ಕಟ್ಟಳೆ. ಇದಕ್ಕೆ ಮಡಿ ಎಂದು ಹೆಸರಿಟ್ಟಿದ್ದರು. ಆ ರಾಜ್ಯದಲ್ಲಿ ಯಾರೂ ಹೊಟ್ಟೆ ತುಂಬ ನಗುತ್ತಲೂ ಇರಲಿಲ್ಲ. ಅಂಗಿ ಎದೆಗೆ ಸ್ವಲ್ಪ ಬಿಗಿಯಾಗಿಯೇ ಕೂರುತ್ತಿತ್ತು, ನಾಚಿಕೆಯಾದಾಗಲೆಲ್ಲ ಇನ್ನೊಂದಿಷ್ಟು ಬಿಗಿಯುತ್ತಿತ್ತು. ಉಸಿರನ್ನು ಅರ್ಧಕ್ಕೇ ಹಿಡಿದು ಬದುಕುವುದು ಅಲ್ಲಿನ ಸಭ್ಯತೆ. ಹಾಗೆ ಹಿಡಿದ ಉಸಿರೆಲ್ಲ ಬೆಟ್ಟದ ಮೇಲಿನ ಅಖಂಡನಾಥನಿಗೆ ಆಯುಷ್ಯವಾಗಿ ಸೇರುತ್ತಿತ್ತು. ಅವನು ರಾಜನ ಮುತ್ತಜ್ಜನಿಗೂ ಅಂಗಿ ಕೊಟ್ಟವನು.

ರಾಜ ನನ್ನಿರಾಯನಿಗೆ ಇಬ್ಬರು ಮಕ್ಕಳು. ಮಗ ಬೊಪ್ಪರಾಯ ದೊಡ್ಡವನು, ಮಗಳು ಚಂದಲೆ ಚಿಕ್ಕವಳು. ತಾಯಿ ತೀರಿಕೊಂಡಿದ್ದಳು.

ಬೊಪ್ಪರಾಯನಿಗೆ ಅಂಗಿ ಬಂತು. ಮೊದಲ ಸಲ ಒಗೆಯಲು ಬಚ್ಚಲಿಗೆ ಹೋಗಿ ಕದ ಹಾಕಿದ. ಬೆವರಿನ ಕಲೆ ಉಜ್ಜಲು ಅಂಗಿಯನ್ನು ಒಳಹೊರಗು ತಿರುವಿದ. ಎಡಗಂಕುಳಡಿಯಲ್ಲಿ ಗೇಣುದ್ದದ ಹೊಲಿಗೆ ಇತ್ತು.

ಅವನು ಬಚ್ಚಲ ಕಲ್ಲಿನ ಮೇಲೆ ಹಾಗೆಯೇ ಕುಳಿತ. ಮನಸ್ಸಿನಲ್ಲಿ ಏನು ಕೊಳೆ ಇದೆ ಎಂದು ಹುಡುಕಿದ. ಹುಡುಕುವುದು ಕಷ್ಟವಾಗಲಿಲ್ಲ. ಬೇಕಾದಷ್ಟು ಸಿಕ್ಕಿತು. ಯಾರು ಹುಡುಕಿದರೂ ಸಿಗುತ್ತದೆ ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಅಂಗಿ ಎದೆಯನ್ನು ಹಿಂಡಿತು. ಅಂದಿನಿಂದ ಅವನು ಎಡಗೈಯನ್ನು ಪಕ್ಕೆಗೆ ಒತ್ತಿಕೊಂಡೇ ಓಡಾಡತೊಡಗಿದ. ಆಸ್ಥಾನದವರು ಅದನ್ನು ರಾಜಗಾಂಭೀರ್ಯ ಎಂದರು.

ಒತ್ತಿ ಒತ್ತಿ ಒಂದು ದಿನ ಹೊಲಿಗೆ ಬಿಚ್ಚಿಕೊಂಡಿತು. ಈಗ ಅದನ್ನು ಮುಚ್ಚಲೇಬೇಕು, ಯಾರಿಗೂ ಹೇಳುವಂತಿಲ್ಲ. ಬೊಪ್ಪರಾಯ ಅರಮನೆಯ ಕಣಜದ ಕಿಂಡಿಯಿಂದ ಗೋಣಿ ಹೊಲಿಯುವವರನ್ನು ನೋಡಿದ. ಒಂದು ದಬ್ಬಣ ಕದ್ದ. ಆನೆಲಾಯದ ಅಟ್ಟದ ಹುಲ್ಲಿನಲ್ಲಿ ಕುಳಿತು, ಬೆರಳಿಗೆ ಚುಚ್ಚಿಕೊಂಡು, ನಾಲಿಗೆ ಕಚ್ಚಿಕೊಂಡು, ಹೇಗೋ ಸೇರಿಸಿದ. ಹೊಲಿಗೆ ಮೊದಲಿಗಿಂತ ಕೆಟ್ಟದಾಗಿ ಬಂತು. ಆದರೆ ನಿಂತಿತು.

ಕೆಲಸ ಅಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ. ಎರಡು ತುಂಡು ಬಟ್ಟೆ ಬೇರೆಬೇರೆ ಇದ್ದವು, ಈಗ ಒಂದಾಗಿವೆ ಎನ್ನುವುದು ಅವನಿಗೆ ವಿಚಿತ್ರವಾಗಿ ಖುಷಿ ಕೊಟ್ಟಿತು. ಕುದುರೆಲಾಯದಿಂದ ಸಣ್ಣ ಸೂಜಿ ತಂದ. ಚೀಲ ಹೊಲಿದ. ದಿಂಬಿನ ಗವಸು ಹೊಲಿದ. ಆಮೇಲೆ ದುರಾಸೆಯಾಗಿ ಅಂಗಿಗೆ ಕೈಹಾಕಿದ.

ಮೊದಲನೆಯ ಅಂಗಿಗೆ ಬಟ್ಟೆಯನ್ನು ಎರಡು ಮಡಿಕೆ ಮಾಡಿ, ಮಡಿಚಿದ್ದು ಮರೆತು, ಕೊರಳಿನ ಪೂರ್ತಿ ಅಳತೆಗೆ ಕತ್ತರಿಸಿದ. ತೊಟ್ಟಾಗ ಕೊರಳಿನಿಂದ ತಲೆಯ ಜೊತೆ ಎರಡು ಭುಜವೂ ಹೊರಬಂದವು. ಎರಡನೆಯದಕ್ಕೆ ಎರಡೂ ತೋಳು ಎಡಗೈಯವೇ ಆದವು. ಮೂರನೆಯದು ಚೆನ್ನಾಗಿಯೇ ಬಂತು. ನೋಡೋಣವೆಂದು ಎದ್ದು ನಿಂತ. ಅಂಗಿಯೂ ಎದ್ದಿತು. ತೊಡೆಯ ಮೇಲಿಟ್ಟುಕೊಂಡು ಹೊಲಿಯುವಾಗ ಉಟ್ಟ ಪಂಚೆಯನ್ನೂ ಸೇರಿಸಿ ಹೊಲಿದಿದ್ದ.

ಬಡಗಣದ ವ್ಯಾಪಾರಿಯೊಬ್ಬ ಬಿಟ್ಟುಹೋದ ಉಣ್ಣೆಯ ಟೊಪ್ಪಿಗೆಯೊಂದನ್ನು ಎಳೆ ಎಳೆಯಾಗಿ ಬಿಚ್ಚಿ, ಕುಣಿಕೆಯೊಳಗೆ ಕುಣಿಕೆ ಹೇಗೆ ಹೊಗುತ್ತದೆ ಎಂದು ನೋಡಿ, ಎರಡು ಬಿದಿರುಕಡ್ಡಿಯಲ್ಲಿ ಹೆಣಿಗೆಯನ್ನೂ ಕಲಿತ. ಟೊಪ್ಪಿಗೆ ಮಾತ್ರ ಮತ್ತೆ ಟೊಪ್ಪಿಗೆಯಾಗಲಿಲ್ಲ.

ಇದೆಲ್ಲ ಕದ್ದುಮುಚ್ಚಿ. ಅಟ್ಟದಿಂದ ಇಳಿಯುವಾಗಲೆಲ್ಲ ನಾಚಿಕೆಯಿಂದ ಅವನ ಕಿವಿ ಕೆಂಪಾಗುತ್ತಿತ್ತು, ಅಖಂಡ ಅಂಗಿ ಬಿಗಿಯುತ್ತಿತ್ತು. ರಾಜನ ಮಗ, ಕೆಲಸ ಮಾತ್ರ ಗೋಣಿಚೀಲದ್ದು.

ಅಷ್ಟರಲ್ಲಿ ಚಂದಲೆಯೂ ಪ್ರಾಯಕ್ಕೆ ಬಂದಳು. ಅವಳಿಗೂ ಅಂಗಿ ಬಂತು. ಆ ರಾಜ್ಯದಲ್ಲಿ ಸ್ವಲ್ಪ ಜೋರಾಗಿ ನಗುತ್ತಿದ್ದವಳೆಂದರೆ ಅವಳೊಬ್ಬಳೇ. ಒಂದು ಬೆಳಿಗ್ಗೆ ಅಣ್ಣನನ್ನು ಕೈಸಾಲೆಯ ಕಂಬದ ಹಿಂದಕ್ಕೆ ಎಳೆದಳು.

"ಅಣ್ಣಾ, ಒಂದು ಕೇಳ್ತೀನಿ. ನಗಬಾರದು."

"ಕೇಳು."

"ನಿನ್ನ ಅಂಗೀಲಿ... ಒಳಗಡೆ... ಹೊಲಿಗೆ ಏನಾದರೂ ಇದೆಯಾ?"

ಬೊಪ್ಪರಾಯನ ಎಡಗೈ ತಾನಾಗಿಯೇ ಪಕ್ಕೆಗೆ ಒತ್ತಿಕೊಂಡಿತು.

"ಹೊಲಿಗೆಯೇ? ನನ್ನ ಅಂಗಿಯಲ್ಲೇ? ಹುಚ್ಚೇನೇ ನಿನಗೆ?"

"ಇಲ್ವಾ?"

"ಇಲ್ಲ. ಯಾಕೆ, ನಿನ್ನದರಲ್ಲಿ ಇದೆಯೇನು?"

"ಛೇ, ಇಲ್ಲಪ್ಪ. ಸುಮ್ಮನೆ ಕೇಳಿದೆ," ಎಂದಳು ಚಂದಲೆ. ನಗಲು ಹೋದಳು. ನಗು ಅರ್ಧಕ್ಕೇ ನಿಂತಿತು.

ಅಂದಿನಿಂದ ಅವಳ ಅಂಗಿ ಬಿಗಿಯತೊಡಗಿತು. ಮೊದಲು ನಗು ನಿಂತಿತು, ಆಮೇಲೆ ಊಟ, ಆಮೇಲೆ ಮಾತು. ಕತ್ತರಿ ತಂದರು, ಕತ್ತರಿ ಮುರಿಯಿತು. ಕತ್ತಿ ತಂದರು, ಕತ್ತಿ ಮೊಂಡಾಯಿತು. ಅವಳು ಹಾಸಿಗೆ ಹಿಡಿದಳು. ತುಟಿ ನೀಲಿಯಾಯಿತು.

ಬೊಪ್ಪರಾಯ ಮೂರು ಸಲ ಅವಳ ಹಾಸಿಗೆಯ ಬಳಿ ಹೋದ. ಮೂರು ಸಲವೂ ಬಾಯಿ ತೆರೆದ. ಮೊದಲ ಸಲ ಹವೆಯ ಮಾತಾಡಿದ. ಎರಡನೆಯ ಸಲ ದಿಂಬು ಸರಿಮಾಡಿದ. ಮೂರನೆಯ ಸಲ ಅವಳೇ ಕಣ್ಣು ಮುಚ್ಚಿಕೊಂಡಳು.

"ಅಖಂಡನಾಥನೊಬ್ಬನೇ ಇದನ್ನು ಸಡಿಲಿಸಬಲ್ಲ, ಮಹಾಪ್ರಭು," ಎಂದ ಮಂತ್ರಿ ಸೋವಣ್ಣ. "ಆದರೆ ಕರೆಯದೆ ಬೆಟ್ಟ ಹತ್ತಿದವರು ಯಾರೂ ಇಳಿದು ಬಂದಿಲ್ಲ. ದಾರಿಯಲ್ಲಿ ಮೂರು ಮಾಯದ ಪ್ರಾಣಿಗಳಿವೆಯಂತೆ."

"ನಾನು ಹೋಗುತ್ತೇನೆ, ಅಪ್ಪಾಜಿ," ಎಂದ ಬೊಪ್ಪರಾಯ.

ಮಗನ ಧೈರ್ಯ ಕಂಡು ರಾಜನ ಕಣ್ಣಲ್ಲಿ ನೀರು ಬಂತು. ಧೈರ್ಯ ಏನೂ ಇರಲಿಲ್ಲ. ತಂಗಿಗೆ ಒಂದು ಮಾತು ಹೇಳುವುದಕ್ಕಿಂತ ಮೂರು ಮಾಯದ ಪ್ರಾಣಿಗಳೂ ಒಬ್ಬ ಮಾಂತ್ರಿಕನೂ ಸುಲಭ ಎನಿಸಿತ್ತು. ಇಂಥದ್ದಕ್ಕೇ ಜನ ಸಾಹಸ ಎನ್ನುವುದು.

ಅವನು ಒಂದು ಚೀಲ ಕಟ್ಟಿಕೊಂಡ. ಅದರಲ್ಲಿ ರೊಟ್ಟಿ, ದಬ್ಬಣ, ಸೂಜಿ, ದಾರ, ಬಣ್ಣಬಣ್ಣದ ಉಣ್ಣೆಯ ಉಂಡೆ, ಬಿದಿರುಕಡ್ಡಿ, ಇನ್ನೂ ಗುಂಡಿ ಹಚ್ಚದ ಅವನ ನಾಲ್ಕನೆಯ ಅಂಗಿ. ಕತ್ತಿಯನ್ನೂ ತೆಗೆದುಕೊಂಡ, ಜನ ನೋಡುತ್ತಿದ್ದರು ಅಂತ.

ಬೆಟ್ಟದ ಬುಡದಲ್ಲಿ ಒಂದು ಕರಡಿ ಬಂಡೆಗೆ ಬೆನ್ನು ಆನಿಸಿ ದಾರಿಗೆ ಅಡ್ಡ ಕುಳಿತಿತ್ತು.

"ಯಾರೋ ಅದು? ಮುಂದಿನಿಂದ ಬಾ. ಹಿಂದಕ್ಕೆ ಬಂದರೆ ಸಿಗಿದುಹಾಕುತ್ತೇನೆ!"

"ಯಾಕೆ ಕರಡಿರಾಯರೇ, ಹಿಂದೆ ಏನಿದೆ?"

ಕರಡಿ ನೆಲ ನೋಡುತ್ತ ತಿರುಗಿತು. ಅದರ ಬೆನ್ನು ಕತ್ತಿನಿಂದ ಬಾಲದವರೆಗೆ ಬಿರಿದಿತ್ತು. ಹಿಂದೊಮ್ಮೆ ಅದು ಅಖಂಡನಾಥನನ್ನು ನೋಡಿ ಗುರುಗುಟ್ಟಿತ್ತಂತೆ. ಅವನು ಅದರ ಬೆನ್ನ ಮೇಲೆ ಬೆರಳು ಎಳೆದಿದ್ದ.

"ಬಂದವರಲ್ಲಿ ಬಹಳ ಮಂದಿ ನೋಡಿದರು. 'ಏನೂ ಕಾಣುವುದಿಲ್ಲ ಬಿಡಿ' ಎಂದರು," ಎಂದಿತು ಕರಡಿ. "ಸುಳ್ಳು ಹೇಳಿದವರನ್ನು ತಿನ್ನಬೇಕೆಂದು ನನಗೆ ಶಾಪ."

"ತಿಂದಿರಾ?"

"ರುಚಿ ಏನೂ ಇರಲಿಲ್ಲ."

ಬೊಪ್ಪರಾಯ ದಬ್ಬಣ ತೆಗೆದ. ತೊಗಲು ದಪ್ಪ, ಕೂದಲು ಅಡ್ಡ ಬರುತ್ತಿತ್ತು. ಗೋಣಿಗೆ ಹಾಕುವ ಹೊಲಿಗೆಯನ್ನೇ ಹಾಕುತ್ತ ಕತ್ತಿನಿಂದ ಬಾಲಕ್ಕೆ ಇಳಿದ. ಕರಡಿ ಹಲ್ಲು ಕಚ್ಚಿಕೊಂಡು ಕೂತಿತ್ತು. ಗಂಟು ಹಾಕಿ ದಾರ ಕಡಿದದ್ದೇ ಅದು ಕೇಳಿತು:

"ಹೇಗಿದೆ?"

"ಸೊಟ್ಟ ಇದೆ," ಎಂದುಬಿಟ್ಟ ಬೊಪ್ಪರಾಯ. "ಎಡಭುಜದ ಹತ್ತಿರ ಸುಕ್ಕು ಬಿದ್ದಿದೆ. ಕೊನೆಯಲ್ಲಿ ಒಂದು ಕಡೆ ತೊಗಲು ಮಿಕ್ಕಿಬಿಟ್ಟಿತು, ಒಳಗೆ ತುರುಕಿದ್ದೇನೆ. ಬಿಚ್ಚಿ ಮತ್ತೆ ಹೊಲಿಯಲೇ?"

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡ. ಅಟ್ಟದಲ್ಲಿ ಒಬ್ಬನೇ ಕೂತು ತನ್ನ ಕೆಲಸದ ತಪ್ಪುಗಳನ್ನು ತಾನೇ ಎಣಿಸಿ ಎಣಿಸಿ ಅದು ಅವನಿಗೆ ಚಾಳಿಯಾಗಿತ್ತು. ಕರಡಿ ಅವನನ್ನೇ ನೋಡಿತು.

"ಬೇಡ ಮಾರಾಯ. ಒಮ್ಮೆ ಚುಚ್ಚಿಸಿಕೊಂಡದ್ದೇ ಸಾಕು," ಎಂದಿತು. ದಾರಿ ಬಿಟ್ಟಿತು. ಉದುರಿದ್ದ ತನ್ನ ಕೂದಲನ್ನೆಲ್ಲ ಒಂದು ದೊಡ್ಡ ಮುದ್ದೆ ಮಾಡಿ ಅವನ ಚೀಲಕ್ಕೆ ತುರುಕಿತು.

ನಡುಬೆಟ್ಟದಲ್ಲಿ ಆಳವಾದ ಕಮರಿ. ಕಮರಿಯ ಅಂಚಿನಲ್ಲಿ ಒಂದು ಹೆಬ್ಬಾವು ಚಳಿಗೆ ಮರದ ದಿಮ್ಮಿಯಂತೆ ಸೆಟೆದು ಬಿದ್ದಿತ್ತು.

"ಸೇತುವೆ ಇಲ್ಲವೇ?" ಎಂದ ಬೊಪ್ಪರಾಯ.

"ನಾನೇ ಸೇತುವೆ," ಎಂದಿತು ಹೆಬ್ಬಾವು, ಹಲ್ಲು ಕಟಕಟ ಎನ್ನುತ್ತ. "ಬಿಸಿ ಇದ್ದಾಗ ಆಚೆ ದಡದವರೆಗೆ ಚಾಚುತ್ತಿದ್ದೆ. ಆ ಮಾಂತ್ರಿಕ ನನ್ನ ಮೈಯ ಬಿಸಿ ಕಿತ್ತುಕೊಂಡ. ಹೊದಿಸಲು ಬಂದವರೆಲ್ಲ ಕಂಬಳಿ ತಂದರು. ನಾನು ಹರಿದಾಡಿದರೆ ಅದು ಜಾರಿ ಬೀಳುತ್ತದೆ."

ಬೊಪ್ಪರಾಯ ಅದನ್ನು ಮೇಲಿಂದ ಕೆಳಗೆ ನೋಡಿದ. ತೋಳಿಲ್ಲ, ಕಂಕುಳಿಲ್ಲ, ಭುಜವಿಲ್ಲ. ಹೆಣಿಗೆ ಕಲಿಯುವವನಿಗೆ ಇದಕ್ಕಿಂತ ಒಳ್ಳೆಯ ಮೈ ಸಿಗದು. ಉಣ್ಣೆಗೆ ಕರಡಿಯ ಕೂದಲು ಸೇರಿಸಿ ಹುರಿಮಾಡಿ, ಬಾಲದಿಂದ ಶುರುಮಾಡಿ ಅಗಲವಾದ ಪಟ್ಟಿಯೊಂದನ್ನು ಹೆಣೆಯುತ್ತ ಹೋದ. ಕೆಂಪು ಮುಗಿದರೆ ಹಸಿರು, ಹಸಿರು ಮುಗಿದರೆ ಕರಡಿಯ ಕಪ್ಪು. ಬೆರಳುಗಳು ಮರಗಟ್ಟಿದವು. ಕಡೆಗೆ ಪಟ್ಟಿಯನ್ನು ಹಾವಿಗೆ ಸುತ್ತಿ, ಹೊಟ್ಟೆಯಡಿಯಲ್ಲಿ ಎರಡು ಅಂಚನ್ನೂ ಸೇರಿಸಿ ಹೊಲಿದ.

ಹೆಬ್ಬಾವಿಗೆ ಬಿಸಿ ಏರಿತು. ಕಣ್ಣು ಅರಳಿದವು.

"ಆಹಾ! ಹೇಗಿದೆ?"

"ಬಾಲದ ಹತ್ತಿರ ಒಂದು ಕುಣಿಕೆ ಜಾರಿದೆ. ಅರ್ಧ ಆದಮೇಲೆ ನೋಡಿದೆ. ತಂಗಿ ಕಾಯುತ್ತಿದ್ದಾಳೆ ಅಂತ ಬಿಚ್ಚಲಿಲ್ಲ. ಹಸಿರು ಬಣ್ಣ ಬಂದಲ್ಲಿ ಬಿಗಿ ಜಾಸ್ತಿಯಾಗಿ ಸೊಂಟ ಹಿಡಿದಂತೆ ಕಾಣುತ್ತದೆ."

"ನನಗೆ ಸೊಂಟ ಇದೆಯೇನೋ?"

"ಈಗ ಇದೆ."

ಹೆಬ್ಬಾವು ಬುಸುಗುಟ್ಟಿತು. ಅದು ನಗು ಎಂದು ಬೊಪ್ಪರಾಯನಿಗೆ ತಡವಾಗಿ ತಿಳಿಯಿತು. "ಬಾಲದ ಕುಣಿಕೆಯನ್ನು ಯಾರು ನೋಡುತ್ತಾರೆ?" ಎಂದಿತು.

"ನಾನು."

"ನೀನು ಸುಖವಾಗಿ ಇರುವವನಲ್ಲ," ಎಂದು ಹೇಳಿ ಅದು ಕಮರಿಯ ಆಚೆಗೆ ಚಾಚಿಕೊಂಡಿತು. ಅವನು ಕೆಂಪು, ಹಸಿರು, ಕಪ್ಪು ಸೇತುವೆಯ ಮೇಲೆ ನಡೆದು ದಾಟಿದ.

ಕೋಟೆಯ ಬಾಗಿಲಲ್ಲಿ ಎದೆಮಟ್ಟದ ಹುಲ್ಲು. ಹುಲ್ಲಿನ ನಡುವೆ ಒಂದು ನವಿಲು. ಅದರ ಗರಿಯ ಕಣ್ಣುಗಳಿಗೆ ಬಟ್ಟೆಯ ಒಳಗಿನದೂ ಕಾಣುತ್ತಿತ್ತು.

"ಎಡಗಂಕುಳಲ್ಲಿ ಹೊಲಿಗೆ!" ಎಂದು ಅದು ಬೆಟ್ಟವೆಲ್ಲ ಕೇಳುವಂತೆ ಕೂಗಿತು. "ಹೊಲಿಗೆ! ಹೊಲಿಗೆ! ಅದರ ಮೇಲೆ ಇನ್ನೊಂದು ಹೊಲಿಗೆ!"

ಕರಡಿಗೆ ಹೆದರದವನು, ಕಮರಿಗೆ ಹೆದರದವನು ಅಲ್ಲೇ ಕುಸಿದು ಕುಳಿತ. ಭೂಮಿ ಬಾಯ್ಬಿಟ್ಟು ನುಂಗಬಾರದೇ ಎನಿಸಿತು. ಅಂಗಿ ಪಕ್ಕೆಲುಬುಗಳನ್ನು ಒತ್ತಿತು. ಕಣ್ಣು ಮಂಜಾಯಿತು. ಹೆಬ್ಬಾವಿಗೆ ಬಿಸಿ ಇದ್ದ ಕಾಲದಲ್ಲಿ ಇಲ್ಲಿಯವರೆಗೆ ಬಂದವರೆಲ್ಲ ಇಲ್ಲಿಂದಲೇ ತಿರುಗಿ ಓಡಿದ್ದರು. ಓಡಿದವರು ದಾರಿಯಲ್ಲಿ ಉಸಿರುಕಟ್ಟಿ ಬಿದ್ದಿದ್ದರು. ಬೊಪ್ಪರಾಯನಿಗೆ ಓಡಲು ಕಾಲು ಏಳಲಿಲ್ಲ. ಕುಳಿತಲ್ಲಿಂದಲೇ ಹುಲ್ಲಿನ ಬುಡ ಕಂಡಿತು. ಅಲ್ಲಿ ನವಿಲಿನ ಎರಡು ಕಾಲು ಒಂದರ ಹಿಂದೆ ಒಂದು ಅವಿತುಕೊಳ್ಳುತ್ತಿದ್ದವು.

"ನೀವು ಯಾಕೆ ಹುಲ್ಲು ಬಿಟ್ಟು ಬರುವುದಿಲ್ಲ?" ಎಂದ.

ಕೂಗು ನಿಂತಿತು.

"ಕಾಲುಚೀಲ ಹೆಣೆದು ಕೊಡಲೇ?" ಎಂದ ಬೊಪ್ಪರಾಯ.

ನವಿಲು ತನ್ನ ಕತ್ತನ್ನು ಇನ್ನಷ್ಟು ನೀಲಿ ಮಾಡಿಕೊಂಡಿತು. ಆಮೇಲೆ ಸಣ್ಣ ದನಿಯಲ್ಲಿ, "ಉಣ್ಣೆ ಉಳಿದಿದೆಯೇ?" ಎಂದಿತು.

ಒಂದು ಕಾಲುಚೀಲ ಆಯಿತು. ಎರಡನೆಯದನ್ನು ಹೆಣೆಯುವ ಹೊತ್ತಿಗೆ ಮೊದಲನೆಯದನ್ನು ಹೇಗೆ ಹೆಣೆದೆ ಎಂಬುದು ಮರೆತುಹೋಗಿತ್ತು. ಈ ಕಷ್ಟ ಕಾಲುಚೀಲ ಹೆಣೆದ ಎಲ್ಲರಿಗೂ ಗೊತ್ತು. ನವಿಲು ಎರಡನ್ನೂ ತೊಟ್ಟು ಬಗ್ಗಿ ನೋಡಿತು.

"ಹೇಗಿದೆ?"

"ಒಂದು ದೊಡ್ಡದು, ಒಂದು ಚಿಕ್ಕದು. ನಿಮ್ಮ ಬೆರಳುಗಳಿಗೆ ಬೇರೆಬೇರೆ ಮನೆ ಮಾಡಬೇಕಿತ್ತು, ಎಲ್ಲವನ್ನೂ ಒಂದೇ ಚೀಲಕ್ಕೆ ಹಾಕಿದ್ದೇನೆ. ಹಿಮ್ಮಡಿಗೆ ಜಾಗ ಬಿಟ್ಟೆ. ನಿಮಗೆ ಹಿಮ್ಮಡಿ ನೆಲಕ್ಕೆ ತಾಗುವುದಿಲ್ಲ ಎಂದು ಆಮೇಲೆ ಹೊಳೆಯಿತು."

ನವಿಲು ಆ ಕಡೆ ನೋಡಿತು, ಈ ಕಡೆ ನೋಡಿತು. "ಇವನ್ನು ಹಾಕಿಕೊಳ್ಳುವುದಕ್ಕಿಂತ ನನ್ನ ಕಾಲೇ ವಾಸಿ," ಎಂದಿತು. ಎರಡನ್ನೂ ಒದ್ದು ಬಿಸಾಕಿತು. ಬರಿಗಾಲಲ್ಲಿ ಹುಲ್ಲಿನಿಂದ ಹೊರಬಂದು, ಬಿಸಿಲಲ್ಲಿ ನಿಂತು, ಎಷ್ಟೋ ವರ್ಷಗಳ ಮೇಲೆ ಗರಿ ಬಿಚ್ಚಿ ಕುಣಿಯಿತು. ಬೊಪ್ಪರಾಯ ಕಾಲುಚೀಲಗಳನ್ನು ಎತ್ತಿಕೊಂಡು, ತಲೆ ತಗ್ಗಿಸಿ, ತೆರೆದ ಬಾಗಿಲಿನಿಂದ ಒಳಗೆ ಹೋದ.

ಅಖಂಡನಾಥ ಬಿಳಿ ಕಲ್ಲಿನ ಪೀಠದ ಮೇಲೆ ಕುಳಿತಿದ್ದ. ಅವನ ಅಂಗಿ ಕೊರಳಿನಿಂದ ಪಾದದವರೆಗೆ ಹಾಲು ಸುರಿದಂತೆ ಇಳಿದಿತ್ತು. ಒಂದು ಗೆರೆ ಇಲ್ಲ, ಒಂದು ಸುಕ್ಕಿಲ್ಲ. ಬೊಪ್ಪರಾಯನಿಗೆ ಅಂಥ ಹೊತ್ತಿನಲ್ಲೂ ಆ ಕೊರಳು ಹೇಗೆ ಅಷ್ಟು ಚೆನ್ನಾಗಿ ಕೂತಿದೆ ಎಂದು ಬೆರಗಾಯಿತು. ಅವನಿಗೆ ಕೊರಳು ಎಂದೂ ಸರಿಯಾಗಿ ಬಂದಿರಲಿಲ್ಲ.

"ಸ್ವಾಮಿ, ನನ್ನ ತಂಗಿಯ ಅಂಗಿ ಸಡಿಲಿಸಿ."

"ಅವಳಿಗೆ ಸಂದೇಹ ಬಂದಿದೆ, ಕುಮಾರ. ಸಂದೇಹ ಹೋದರೆ ಅಂಗಿಯೂ ಸಡಿಲಾಗುತ್ತದೆ," ಎಂದ ಅಖಂಡನಾಥ ಮೆಲ್ಲಗೆ. "ತುಂಬಿದ ಸಭೆಯಲ್ಲಿ ನಿನ್ನ ಅಂಗಿ ತಿರುವಿ ತೋರಿಸು. ಇದು ಅಖಂಡ ಎಂದು ಹೇಳು. ಅಣ್ಣನ ಅಂಗಿ ಕಂಡು ಅವಳ ಸಂದೇಹ ಹೋಗಲಿ."

"ನನ್ನದರಲ್ಲಿ..." ಬೊಪ್ಪರಾಯ ಎಡಗೈಯನ್ನು ಪಕ್ಕೆಗೆ ಇನ್ನಷ್ಟು ಒತ್ತಿಕೊಂಡ.

"ಗೊತ್ತು. ಕೈ ಎತ್ತು."

ಮಾಂತ್ರಿಕ ಅವನ ಎಡಗಂಕುಳಡಿಯಲ್ಲಿ ಬೆರಳು ಎಳೆದ. ಹೊಲಿಗೆ ಮಾಯವಾಯಿತು. ಒಳಗೂ ಇಲ್ಲ, ಹೊರಗೂ ಇಲ್ಲ. ಬೊಪ್ಪರಾಯ ಮುಟ್ಟಿ ಮುಟ್ಟಿ ನೋಡಿಕೊಂಡ. ಎಷ್ಟೋ ದಿನಗಳಿಂದ ಪಕ್ಕೆಗೆ ಒತ್ತಿದ್ದ ಕೈ ಇಳಿಯಿತು. ಅವನಿಗೆ ಅಳು ಬಂತು. ಆ ಕ್ಷಣ ತಂಗಿಯ ನೆನಪು ಅವನಿಗಿರಲಿಲ್ಲ. ಇದನ್ನು ಅವನು ಆಮೇಲೆ ಯಾರಿಗೂ ಹೇಳಲಿಲ್ಲ.

ಇಬ್ಬರೂ ಗಾಳಿಯ ಮೇಲೆ ಕುಳಿತು ಅರಮನೆಗೆ ಬಂದರು.

ಸಭೆ ಸೇರಿತು. ಚಂದಲೆಯನ್ನು ಪಲ್ಲಕ್ಕಿಯಲ್ಲಿ ಹೊತ್ತು ತಂದರು. ಬೊಪ್ಪರಾಯ ಅಂಗಿ ಕಳಚಿ, ತಿರುವಿ, ಎರಡು ಕೈಯಲ್ಲಿ ಎತ್ತಿ ಹಿಡಿದ.

"ಇದು ಅಖಂಡ," ಎಂದ.

ಮಂತ್ರಿ ಸೋವಣ್ಣ ಹತ್ತಿರ ಬಂದು ಕಂಕುಳಡಿಯನ್ನು ಕಣ್ಣಿಗೆ ಹಚ್ಚಿಕೊಂಡಷ್ಟು ಸಮೀಪದಿಂದ ನೋಡಿದ. ಅವನ ಮುಖ ಯಾಕೋ ಬಿಳಿಚಿಕೊಂಡಿತು. "ಇಲ್ಲ... ಒಂದೂ ಇಲ್ಲ," ಎಂದ. ಸಭೆಯಲ್ಲಿ ಎಲ್ಲರೂ ಒಮ್ಮೆಲೇ ಕೈಗಳನ್ನು ಪಕ್ಕೆಗೆ ಒತ್ತಿಕೊಂಡರು. ಎಲ್ಲರ ಅಂಗಿಯೂ ಬಿಗಿಯಿತು. ಸಿಂಹಾಸನದ ಪಕ್ಕ ನಿಂತಿದ್ದ ಅಖಂಡನಾಥನ ಕೆನ್ನೆ ಮಾತ್ರ ಹದಿನೆಂಟರ ಹುಡುಗನಂತೆ ಕೆಂಪೇರಿತು.

"ಆಹಾ, ಎಂಥ ಅಂಗಿ! ಎಂಥ ನಿರ್ಮಲ ಮನಸ್ಸು!" ಎಂದು ಹೊಗಳಿಕೆ ಎದ್ದಿತು.

ಬೊಪ್ಪರಾಯ ತಂಗಿಯ ಕಡೆ ನೋಡಿದ. ಚಂದಲೆ ಆ ಅಂಗಿಯನ್ನೇ ನೋಡುತ್ತಿದ್ದಳು. ಇಡೀ ರಾಜ್ಯದಲ್ಲಿ ತಾನೊಬ್ಬಳೇ ಎಂದು ಅವಳಿಗೆ ಖಾತ್ರಿಯಾಗಿತ್ತು. ಅವಳ ತುಟಿ ನೀಲಿಯಿಂದ ಕಪ್ಪಿಗೆ ತಿರುಗಿತು. ಎದೆ ಏಳಲಿಲ್ಲ.

"ಎಂಥ ಅಂಗಿ!" ಎಂದರು ಮತ್ತೆ.

"ಇಲ್ಲಿ ಸೊಟ್ಟ ಇತ್ತು," ಎಂದ ಬೊಪ್ಪರಾಯ.

ಅವನ ಮುಖಕ್ಕೆ ಬೆಂಕಿ ಹತ್ತಿದಂತಾಗಿತ್ತು. ಮಾತು ಮಾತ್ರ ನಿಲ್ಲಲಿಲ್ಲ.

"ಎಡಗಂಕುಳಲ್ಲಿ. ಗೇಣುದ್ದ. ಬಿಚ್ಚಿಹೋಗಿತ್ತು, ನಾನೇ ದಬ್ಬಣದಲ್ಲಿ ಹೊಲಿದಿದ್ದೆ. ಇವರು ಬೆರಳಲ್ಲಿ ಅಳಿಸಿದರು. ಚಂದಲೇ, ಕೇಳಿಸ್ತಾ? ಕಂಬದ ಹಿಂದೆ ನೀನು ಕೇಳಿದೆಯಲ್ಲ, ಆಗಲೂ ಇತ್ತು. ನಾನು ಸುಳ್ಳು ಹೇಳಿದೆ ಕಣೇ."

"ಹುಡುಗನಿಗೆ ಮರುಳು ಹಿಡಿದಿದೆ," ಎಂದ ಅಖಂಡನಾಥ. "ಅಂಗಿ ನಿಮ್ಮ ಕಣ್ಣ ಮುಂದೆಯೇ ಇದೆ. ಹೊಲಿಗೆ ಎಲ್ಲಿದೆ, ತೋರಿಸಲಿ."

ತೋರಿಸಲು ಏನೂ ಉಳಿದಿರಲಿಲ್ಲ. ಬೊಪ್ಪರಾಯ ಅಖಂಡ ಅಂಗಿಯನ್ನು ನೆಲಕ್ಕೆ ಹಾಕಿದ. ಚೀಲ ಬಿಚ್ಚಿ ತನ್ನ ನಾಲ್ಕನೆಯ ಅಂಗಿಯನ್ನು ತೆಗೆದು, ತುಂಬಿದ ಸಭೆಯಲ್ಲಿ, ಎಲ್ಲರೂ ನೋಡುತ್ತಿರುವಾಗ, ಒಳಗನ್ನು ಹೊರಗೆ ಮಾಡಿ ತೊಟ್ಟ. ಒಂದು ತೋಳು ಮೊಣಕೈಗೆ, ಒಂದು ಬೆರಳ ತುದಿಗೆ. ಕೊರಳು ಒಂದು ಕಡೆಗೆ ವಾಲಿತ್ತು. ಎಳೆಗಳು ಎಲ್ಲೆಡೆ ಜ್ವರ ಬಂದವರ ಕೂದಲಂತೆ ನಿಂತಿದ್ದವು.

"ಇದು ನಾನು ಹೊಲಿದದ್ದು," ಎಂದ. "ತೋಳು ಎರಡು ಸಲ ಬಿಚ್ಚಿದೆ, ಆದರೂ ಗಿಡ್ಡ. ಇಲ್ಲಿ ಬಟ್ಟೆ ಸಾಲದೆ ತೇಪೆ ಹಾಕಿದೆ. ಇಲ್ಲಿ ಗಂಟು ಬಿದ್ದದ್ದು, ಬಿಡಿಸಲಿಕ್ಕೆ ಬರಲಿಲ್ಲ. ಗುಂಡಿ ಇನ್ನೂ ಹಚ್ಚಿಲ್ಲ."

ಒಬ್ಬ ಮನುಷ್ಯ ಇದಕ್ಕಿಂತ ಕೆಟ್ಟದಾಗಿ ಕಾಣುವುದು ಸಾಧ್ಯವಿರಲಿಲ್ಲ. ಅದು ಅವನಿಗೂ ಗೊತ್ತಿತ್ತು. ಅವನು ಅಲ್ಲಾಡದೆ ನಿಂತ.

ಪಲ್ಲಕ್ಕಿಯಿಂದ ಒಂದು ಸಣ್ಣ ಸದ್ದು ಬಂತು. ಕೆಮ್ಮು ಎಂದುಕೊಂಡರು. ಅದು ಕೆಮ್ಮಲ್ಲ.

"ಗೋಣಿಚೀಲ," ಎಂದಳು ಚಂದಲೆ. ಉಸಿರೆಳೆದುಕೊಂಡಳು. "ಅಣ್ಣಾ, ಥೇಟ್ ಗೋಣಿಚೀಲ ಕಣೋ ನೀನು!" ಅವಳ ಎದೆ ಏರಿತು, ಇಳಿಯಿತು. ಅಂಗಿ ಸಡಿಲಾಯಿತು. ಅವಳು ಎದ್ದು ಕೂತು ಎಡಗೈ ಎತ್ತಿದಳು. "ನಂದರಲ್ಲೂ ಇದೆ. ಇಲ್ಲಿ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಕಣಗಿಲೆಪುರದ ಸಭೆಗೆ ಸಭೆಯೇ ಕಂಕುಳು ಮುಟ್ಟಿ ನೋಡಿಕೊಂಡಿತು.

ನನ್ನಿರಾಯ ಸಿಂಹಾಸನದಿಂದ ಇಳಿದ. "ಪಟ್ಟಾಭಿಷೇಕದ ಬೆಳಿಗ್ಗೆಯೇ ನೋಡಿದ್ದೆ ಮಗಾ," ಎಂದ. "ನಿನ್ನ ತಾಯಿಗೂ ಹೇಳಲಿಲ್ಲ."

"ನನ್ನದು ಎರಡೂ ಕಡೆ," ಎಂದ ಮಂತ್ರಿ ಸೋವಣ್ಣ, ನೆಲ ನೋಡುತ್ತ.

"ನಂದು ಬೆನ್ನಲ್ಲೂ ಇದೆ, ಬುದ್ಧಿ!" ಎಂದು ಹಿಂದಿನ ಸಾಲಿನಿಂದ ಒಬ್ಬ ಕುಂಬಾರ ಕೂಗಿದ.

ಯಾರು ಮೊದಲು ನಕ್ಕರೋ ತಿಳಿಯದು. ನಗು ಹೊಟ್ಟೆಯಿಂದ ಎದ್ದು ಸಭೆಯೆಲ್ಲ ಹಬ್ಬಿತು, ಬೀದಿಗೆ ಇಳಿಯಿತು. ಅಜ್ಜ ಮುತ್ತಜ್ಜರ ಕಾಲದಿಂದ ಹಿಡಿದಿಟ್ಟ ಉಸಿರೆಲ್ಲ ಒಮ್ಮೆಗೇ ಹೊರಬಿತ್ತು. ಅರಮನೆಯ ದೀಪಗಳು ಆರಿದವು, ತೋರಣಗಳು ಹಾರಿಹೋದವು. ಆ ಗಾಳಿಯ ನಡುವೆ ಅಖಂಡನಾಥ ಮುದುಕನಾದ. ಇನ್ನೂ ಮುದುಕನಾದ. ಒಣಗಿದ ಎಲೆಯಷ್ಟಾದ. ಪುಡಿಯಾದ. ಬಿಳಿ ಅಂಗಿ ಬರಿದಾಗಿ ನೆಲದ ಮೇಲೆ ಕುಸಿಯಿತು.

ಬೆಟ್ಟದಲ್ಲಿ ಕರಡಿಯ ಬೆನ್ನು ಕೂಡಿಕೊಂಡಿತು. ಎಡಭುಜದ ಸುಕ್ಕು ಮಾತ್ರ ಹಾಗೇ ಉಳಿಯಿತು. ಹೆಬ್ಬಾವಿಗೆ ಮೈಯ ಬಿಸಿ ಮರಳಿತು. ಆದರೂ ಅದು ಹೊದಿಕೆ ಬಿಚ್ಚಲಿಲ್ಲ.

ಕಣಗಿಲೆಪುರದ ಜನ ತಮ್ಮ ಬಟ್ಟೆಯನ್ನು ತಾವೇ ಹೊಲಿದುಕೊಳ್ಳತೊಡಗಿದರು. ಹೆಚ್ಚಿನವು ಕೆಟ್ಟದಾಗಿಯೇ ಬಂದವು. ಯಾರಾದರೂ "ಚೆನ್ನಾಗಿದೆ" ಎಂದರೆ ಸಾಕು, ತಕ್ಷಣ ತೋಳೆತ್ತಿ "ಅಯ್ಯೋ, ಇಲ್ಲಿ ನೋಡಿ" ಎಂದು ತಪ್ಪು ತೋರಿಸುವುದು ಆ ರಾಜ್ಯದ ಮರ್ಯಾದೆಯಾಯಿತು. ಬಚ್ಚಲ ಕದಗಳು ತೆರೆದವು. ಬೀದಿಯ ಉದ್ದಕ್ಕೂ ಹಗ್ಗದ ಮೇಲೆ ಅಂಗಿಗಳು ಒಳಹೊರಗಾಗಿ ಒಣಗಿದವು. ಚಂದಲೆ ಅಣ್ಣನಿಗಿಂತ ಚೆನ್ನಾಗಿ ಹೊಲಿಯಲು ಕಲಿತಳು ಮತ್ತು ಅದನ್ನು ದಿನಾ ಹೇಳಿ ತೋರಿಸಿದಳು. ಎಲ್ಲರೂ ಸುಖವಾಗಿದ್ದರು. ಬೊಪ್ಪರಾಯನಿಗೆ ಆ ಕಂಬ ಕಂಡಾಗಲೆಲ್ಲ ಕಿವಿ ಕೆಂಪಾಗುವುದು ಮಾತ್ರ ಕೊನೆಯವರೆಗೂ ಹೋಗಲಿಲ್ಲ.

ಮಾಂತ್ರಿಕನ ಬಿಳಿ ಅಂಗಿ ಸಭಾಂಗಣದ ಮೂಲೆಯಲ್ಲೇ ಬಿದ್ದಿತ್ತು. ಮುಟ್ಟಲು ಜನ ಹೆದರುತ್ತಿದ್ದರು. ಆ ಕೊರಳಿನ ಅಳತೆ ತೆಗೆದುಕೊಳ್ಳಬೇಕೆಂಬ ಆಸೆಯಿಂದ ಒಂದು ದಿನ ಬೊಪ್ಪರಾಯನೇ ಅದನ್ನು ಎತ್ತಿಕೊಂಡ. ದೂಳಾಗಿತ್ತು, ಒಗೆದ. ಬಿಸಿಲಿಗೆ ಹಾಕುವಾಗ ಎಲ್ಲರಂತೆ ಒಳಹೊರಗು ತಿರುವಿದ.

ಎಡಗಂಕುಳಡಿಯಲ್ಲಿ ಗೇಣುದ್ದದ ಹೊಲಿಗೆ ಇತ್ತು.